ತಂಪು ಬಾರದ ಮನೆ

ನಮ್ಮೂರಿನಲ್ಲಿ ಒಂದು ಕೊಡೆಗೆ ನೂರಾ ಎಂಬತ್ತು ರೂಪಾಯಿ, ಅದೂ ಮಳೆಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ. ಮುಖಕ್ಕೆ ಹಚ್ಚುವ ಮುಲಾಮಿನ ಟ್ಯೂಬಿಗೆ ಮುನ್ನೂರು. ಅದನ್ನು ಹಚ್ಚಿಕೊಳ್ಳದೆ ಬಿಟ್ಟು, ಮುಖದ ಮೇಲಿನ ಚುಕ್ಕೆ ಹುಣ್ಣಾಗಿ, ಆ ಹುಣ್ಣನ್ನು ಜಿಲ್ಲೆಯ ಆಸ್ಪತ್ರೆಯಲ್ಲಿ ಕೊಯ್ಯಿಸಬೇಕಾದರೆ ಹಿಂಡುವ ಎಮ್ಮೆಯೊಂದನ್ನು ಮಾರಬೇಕು. ಹುಣ್ಣು ಒಳಗಿಳಿದು ಕುತ್ತಿಗೆಯಲ್ಲಿ ಗಂಟು ಕಟ್ಟಿತೆಂದರೆ ಎಮ್ಮೆ, ಕೊಟ್ಟಿಗೆ, ಕೊಟ್ಟಿಗೆಯ ಜಾಗ ಮೂರೂ ಹೋಗಿ, ಕಡೆಗೆ ಮನುಷ್ಯನೂ ಹೋಗುತ್ತಾನೆ. ನನ್ನ ಗಂಡ ಗುರುಬಸಪ್ಪ ಹೋದದ್ದು ಹಾಗೆ. ಇನ್ನು ನೆರೆಮನೆಯವರು ತಂದು ಹಚ್ಚುವ ಒಂದು ಬಟ್ಟಲು ತಂಪಿಗೆ ಬೆಲೆಯೇ ಇಲ್ಲ. ಎಷ್ಟು ಎಂದು ಕೇಳಿದರೆ ಬೈಸಿಕೊಳ್ಳುತ್ತೀರಿ. ನನಗೆ ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಅದೇ.

ನಮ್ಮೂರಿನ ಬಿಸಿಲು ಯಾವುದಕ್ಕೂ ನಿಲ್ಲುವುದಿಲ್ಲ. ಹಂಚು, ತಗಡು, ಗಾರೆ, ಬೇವಿನ ಮರ, ಸೀರೆಯ ಸೆರಗು ಎಲ್ಲವನ್ನೂ ದಾಟಿ ಒಳಗೆ ಬರುತ್ತದೆ. ಸೂರು ಇರುವುದು ಮಳೆಗೆ, ಗೋಡೆ ಇರುವುದು ಮರ್ಯಾದೆಗೆ. ಮರದ ಬುಡದಲ್ಲಿ ಕೂತರೂ ಬಯಲಿನಲ್ಲಿ ಕೂತ ಹಾಗೆಯೇ. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಮಂಚದ ಕೆಳಗೆ, ಕಪಾಟಿನ ಹಿಂದೆ ತೂರಿ ನೆರಳು ಹುಡುಕುತ್ತಾರೆ, ಅತ್ತೆಯಂದಿರು ನಗುತ್ತಾರೆ. ನಾನೂ ಹುಡುಕಿದ್ದೆ, ನನ್ನ ಅತ್ತೆಯೂ ನಕ್ಕಿದ್ದಳು. ಆಮೇಲೆ ಅಭ್ಯಾಸವಾಗುತ್ತದೆ. ಟ್ರಂಕಿನಲ್ಲಿಟ್ಟ ಮದುವೆಯ ಸೀರೆ ಮಡಿಕೆಯಲ್ಲೇ ಬಣ್ಣ ಬಿಡುತ್ತದೆಂದು ಗೊತ್ತಾದ ಮೇಲೆ ಯಾರೂ ಸೀರೆ ಕೂಡಿಡುವುದಿಲ್ಲ, ಉಟ್ಟು ಹರಿಯುತ್ತಾರೆ. ಇದರಿಂದ ಲಾಭವೂ ಇದೆ. ನನ್ನದು ಹಪ್ಪಳದ ಕಸುಬು. ಬೇರೆ ಊರಿನವರು ಹಪ್ಪಳವನ್ನು ಮಾಳಿಗೆಗೆ ಹಾಕಿ, ಕಾಗೆ ಕಾಯುತ್ತ ಕೂರಬೇಕು. ನಾವು ಕೋಣೆಯೊಳಗೆ ಚಾಪೆ ಹಾಸಿ, ಹಪ್ಪಳ ಹರವಿ, ಬಾಗಿಲಿಗೆ ಬೀಗ ಹಾಕಿ ಸಂತೆಗೆ ಹೋಗಿ ಬರುತ್ತೇವೆ. ಧೂಳಿಲ್ಲ, ಕೂದಲಿಲ್ಲ, ಗರಿಗರಿ. ನಮ್ಮ ಹಪ್ಪಳಕ್ಕೆ ದೂರದೂರದ ಅಂಗಡಿಯವರು ಕಾಯುತ್ತಾರೆ.

ಹಪ್ಪಳವನ್ನು ಒಣಗಿಸುವ ಬಿಸಿಲು ನಮ್ಮನ್ನು ಬಿಟ್ಟೀತೇ? ಮೂವತ್ತು ದಾಟುತ್ತಿದ್ದ ಹಾಗೆ ಹಣೆ, ಮೂಗು, ಕಿವಿಯ ಮೇಲ್ಭಾಗದಲ್ಲಿ ಒರಟು ಚುಕ್ಕೆಗಳು ಏಳುತ್ತವೆ. ಕಣ್ಣಿಗಿಂತ ಬೆರಳಿಗೆ ಮೊದಲು ಸಿಗುತ್ತವೆ, ಚರ್ಮಕ್ಕೆ ಅಕ್ಕಿನುಚ್ಚು ಅಂಟಿಸಿದ ಹಾಗೆ. ಬಿಸಿಲಕ್ಕಿ ಎನ್ನುತ್ತೇವೆ. ಬಹಳಷ್ಟು ಬಿಸಿಲಕ್ಕಿ ಸುಮ್ಮನೆ ಇದ್ದುಬಿಡುತ್ತದೆ. ಒಂದೊಂದು ಇರುವುದಿಲ್ಲ.

ಮತ್ತೆ ತಂಪು. ಬಾವಿಯ ಒಳಗೋಡೆಯ ಸಂದಿಯಲ್ಲಿ ಬೆಳೆಯುವ ಒಂದು ಬೇರನ್ನು ಹುಳಿ ಮಜ್ಜಿಗೆಯಲ್ಲಿ ತೇಯ್ದರೆ ಬರುವ ಬೂದು ಬಣ್ಣದ ಲೇಪ. ಮೈಯಲ್ಲಿ ಎಲ್ಲೇ ಉರಿ, ಕೆಂಪು, ಬಾವು ಕಂಡರೂ ಇದನ್ನು ಹಚ್ಚಿದ ಕೂಡಲೇ ಇಳಿಯುತ್ತದೆ. ತನ್ನ ಮೈಗೆ ತಾನೇ ಹಚ್ಚಿಕೊಳ್ಳುವುದಲ್ಲ. ಪಕ್ಕದ ಮನೆಯವರು ತಂದು ಹಚ್ಚಬೇಕು. ಯಾರದಾದರೂ ಮುಖ ಕೆಂಪಾಗಿದೆ ಎಂದು ಗೊತ್ತಾದರೆ ಸಾಕು, ಇಡೀ ಓಣಿಯ ಬಟ್ಟಲುಗಳು ಹೊರಡುತ್ತವೆ. ಜಗಳ ಆಡಿದವರೂ ತರುತ್ತಾರೆ. ಹತ್ತು ವರ್ಷ ಮಾತು ಬಿಟ್ಟಿದ್ದ ವಾರಗಿತ್ತಿಯರು ಒಬ್ಬರಿಗೊಬ್ಬರು ತಂಪು ಹಚ್ಚಿ ಅತ್ತು ಒಂದಾದದ್ದನ್ನು ನಾನೇ ಕಂಡಿದ್ದೇನೆ. ಇಂಥ ಊರಿನಲ್ಲಿ ಹುಟ್ಟಬೇಕಿತ್ತು ಎಂದು ತವರಿಗೆ ಹೋದಾಗ ಹೇಳಿಕೊಂಡು ಮೆರೆಯುತ್ತಿದ್ದೆ.

ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಬಟ್ಟಲು ಹಿಡಿದು ಹೊರಡುತ್ತಿದ್ದವಳು ಪಕ್ಕದ ಮನೆಯ ಪಾರವ್ವ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ನಾನು ಆಕೆಯನ್ನು ಚಿಗವ್ವ ಎಂದು ಕರೆಯುತ್ತಿದ್ದೆ. ನನ್ನ ಎರಡು ಬಾಣಂತನ ಮಾಡಿದವಳು, ಹುಟ್ಟಿದ ಎರಡೂ ಉಳಿಯದಿದ್ದಾಗ ನನ್ನ ಪಕ್ಕ ಮಲಗಿದವಳು. ಗಂಡ ಸತ್ತಾಗ ನಮ್ಮ ಮನೆಯ ಒಲೆ ಹೊತ್ತಿಸಿದವಳೂ ಆಕೆಯೇ. ಹೀಗೆ ಹೇಳಿಕೊಂಡು ಹೋದರೆ ಮುಗಿಯುವುದಿಲ್ಲ.

ಮನೆಯಲ್ಲಿ ಈಗ ಇರುವವರು ನಾನು ಮತ್ತು ನನ್ನ ನಾದಿನಿ ಕಾಶವ್ವ, ಗಂಡನ ತಂಗಿ. ಮದುವೆ ಒಲ್ಲೆ ಎಂದು ಉಳಿದವಳು. ಹಪ್ಪಳದ ಮನೆ ನಡೆಯುವುದು ನನ್ನ ಲೆಕ್ಕದಿಂದಲ್ಲ, ಅವಳ ಬಾಯಿಂದ. ಲಟ್ಟಿಸಲು ಬರುವ ಹೆಂಗಸರು ಅವಳ ಮಾತು ಕೇಳುವುದಕ್ಕೇ ಬರುತ್ತಾರೆ. ಅಂಗಡಿಯವನು ದರ ಕಡಿಮೆ ಮಾಡಿದರೆ ಅವನ ಮೂರು ತಲೆಮಾರನ್ನು ನಗುನಗುತ್ತ ತೊಳೆದು, ಅವನೇ ನಕ್ಕು ದರ ಏರಿಸುವ ಹಾಗೆ ಮಾಡುತ್ತಾಳೆ.

ಡಾಕ್ಟರ್ ನಫೀಸಾ ನಮ್ಮೂರಿಗೆ ತಿಂಗಳಿಗೊಮ್ಮೆ ಬರಲು ಶುರು ಮಾಡಿದ್ದು ಗಂಡ ಬದುಕಿದ್ದಾಗಲೇ. ಶಾಲೆಯ ಕೋಣೆಯಲ್ಲಿ ಕೂತು ಮುಖ ಮುಖ ಮುಟ್ಟಿ ನೋಡಿ, ಬಿಸಿಲಕ್ಕಿ ಇದ್ದವರಿಗೆಲ್ಲ ಮುಲಾಮು ಕೊಟ್ಟರು. ಹೊತ್ತಾರೆ, ಸಂಜೆ, ನಾಲ್ಕು ದಿನ. ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು.

“ಬಿಸಿಲನ್ನ ಹೊರಗ ತಡಿಯೂದು ನಿಮ್ಮೂರಾಗ ಆಗೂದಲ್ಲ. ಒಳಗ ಕಾವಲು ಎಬ್ಬಸಬೇಕು. ನಿಮ್ಮ ಮೈಯಾಗ ಕಾವಲುಗಾರರು ಅದಾರ. ಆದ್ರ ಕಳ್ಳ ಇದ ಊರಾಗ ಹುಟ್ಟಿ ಬೆಳದಾಂವ, ಮನಿಮಗನ ಹಂಗ ಅಡ್ಡಾಡತಾನ. ಅದಕ್ಕ ಅವರಿಗೆ ಗುರ್ತು ಹತ್ತವಲ್ದು. ಈ ಮುಲಾಮು ಕಳ್ಳನ ಮೈಮ್ಯಾಲೆ ಸುಣ್ಣ ಎರಚತೈತಿ, ಅಷ್ಟ. ಬಡಿಯೋರು ನಿಮ್ಮವರ. ಬಡಿಯೋವಾಗ ಮುಖ ಕೆಂಪಗ ಆಗತೈತಿ, ಉರೀತೈತಿ, ಹೆಕ್ಕಳಿಕಿ ಕಟ್ಟತೈತಿ. ಅಂಜಬ್ಯಾಡ್ರಿ. ಏನೂ ಹಚ್ಚಬ್ಯಾಡ್ರಿ. ಒಮ್ಮೆ ಬಡದ್ರಂದ್ರ ಆ ಮುಖ ಅವರು ಮರಿಯಂಗಿಲ್ಲ. ಅಲ್ಲೇ ಚರ್ಮದಾಗ ಉಳಕೊಂಡು ವರ್ಷಗಟ್ಟಲೆ ಕಾಯ್ತಾರ.”

“ಹಂಗಾರ ಅವರಿಗೆ ಪಗಾರ ಯಾರು ಕೊಡೋರ್ರೀ?” ಎಂದಳು ಕಾಶವ್ವ.

“ನೀ ಉಣ್ಣೂ ರೊಟ್ಟಿನ ಅವರ ಪಗಾರ.”

“ಅದಕ್ಕ ಮಕ್ಕೊಂಡಾರ ನೋಡ್ರಿ. ನಮ್ಮತ್ತಿಗಿ ರೊಟ್ಟಿ ಹಂಗ ಅದಾವ.”

ಎಲ್ಲರೂ ನಕ್ಕರು. ಎಲ್ಲರೂ ಹಚ್ಚಿಕೊಂಡರು. ನನ್ನ ಗಂಡ, ಕಾಶವ್ವ, ನಾನು, ಓಣಿಯಲ್ಲಿ ಅರ್ಧಕ್ಕರ್ಧ ಜನ. ಎಲ್ಲರ ಮುಖವೂ ಕೆಂಪಾಯಿತು. ಮುಂದಿನ ಸಲ ಡಾಕ್ಟರು ಬಂದು ನೋಡಿದರೆ ಒಬ್ಬರದೂ ಬಿಸಿಲಕ್ಕಿ ಉದುರಿರಲಿಲ್ಲ. ಇನ್ನೊಂದು ಸಲ ಹಚ್ಚಿಸಿದರು. ಹಾಗೆಯೇ ಉಳಿಯಿತು. “ನಡುವ ಏನರ ಹಚ್ಚಿದ್ರೇನು? ಎಣ್ಣಿ? ಅರಿಷಿಣ?” ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ಇಲ್ಲ ಎಂದರು ಎಲ್ಲರೂ. ಯಾರೂ ಸುಳ್ಳು ಹೇಳಲಿಲ್ಲ. ಉಪವಾಸದ ದಿನ ಏನಾದರೂ ಬಾಯಿಗೆ ಹಾಕಿದೆಯಾ ಎಂದರೆ ಕುಡಿದ ನೀರನ್ನು ಯಾರು ಎಣಿಸುತ್ತಾರೆ? ತಂಪು ಎಂದರೆ ನಮಗೆ ಹಾಗೆ. ಹಚ್ಚಿದ್ದು ಎಂದು ಅದು ಯಾರ ತಲೆಗೂ ಬರಲಿಲ್ಲ.

ಈ ಊರಿನವರ ಮೈ ಈ ಔಷಧಕ್ಕೆ ಏಳುವುದಿಲ್ಲ ಎಂದು ಮೇಲಿನವರು ತೀರ್ಮಾನ ಮಾಡಿದರು. ಮುಲಾಮು ಬರುವುದು ನಿಂತಿತು. ಆ ವರ್ಷ ಗಂಡನ ಕಿವಿಯ ಮೇಲಿನ ಚುಕ್ಕೆ ಒಡೆಯಿತು. ಕಿವಿ ತೆಗೆದರು. ಕುತ್ತಿಗೆಯಲ್ಲಿ ಗಂಟು ಬಂತು. ಮುಂದಿನದನ್ನು ಮೊದಲೇ ಹೇಳಿದ್ದೇನೆ.

ನಿಜ ಹೊರಬಿದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಡಾಕ್ಟರು ಕೊನೆಯ ಸಲ ಎಂಬಂತೆ ಬಂದಿದ್ದರು, ಹಪ್ಪಳ ಕೊಳ್ಳಲು. ಕಾಶವ್ವನ ಕೆಳತುಟಿಯ ಮೇಲೆ ಬೆಳ್ಳಗೆ ಒಂದು ಒರಟು ಕಲೆ ಎದ್ದಿತ್ತು, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಸಣ್ಣದಾಯಿತು. “ಇನ್ನೂ ಹುಣ್ಣಾಗಿಲ್ಲ. ಆದ್ರ ಆಗಾಕ ಹೊಂಟೈತಿ. ಆದ್ರ ತುಟಿ ತಗೀಬೇಕಾಗತೈತಿ,” ಎಂದರು. ಕಾಶವ್ವ ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡಳು. ಆಮೇಲೆ, “ತುಟಿ ಇಲ್ಲಂದ್ರ ನಾ ಅಂಗಡಿಯವಗ ಹೆಂಗ ಬೈಲಿ?” ಎಂದಳು. ಎಂದವಳೇ ರುಚಿ ತೋರಿಸುತ್ತೇನೆಂದು ಹಪ್ಪಳ ಕರಿಯಲು ಕೂತಳು. ಕಾದ ಎಣ್ಣೆ ಮುಂಗೈ ಮೇಲೆ ಸಿಡಿಯಿತು.

ಅವಳು ಕೂಗಿದ್ದು ನಿಲ್ಲುವ ಮೊದಲೇ ಪಾರವ್ವ ಚಿಗವ್ವ ಬಟ್ಟಲು ಹಿಡಿದು ಒಳಗಿದ್ದಳು. “ತಾ ಕೈ, ತಾ ನನ್ನವ್ವ,” ಎಂದು ಹಚ್ಚಿದಳು. ಕೆಂಪು ನೋಡುನೋಡುತ್ತ ಇಳಿಯಿತು. ಡಾಕ್ಟರು ಆ ಕೈಯನ್ನೇ ನೋಡುತ್ತಿದ್ದರು.

“ಏನಿದು?”

“ತಂಪರೀ,” ಎಂದಳು ಪಾರವ್ವ.

“ಮುಲಾಮು ಹಚ್ಚಿದ ದಿನಾನೂ ಇದನ್ನ ಹಚ್ಚಿದ್ರೇನು?”

ಪಾರವ್ವನಿಗೆ ಅವಮಾನವಾಯಿತು. “ಹಚ್ಚದ ಬಿಡತೀವೇನ್ರಿ? ಕೆಂಡದಂಗ ಮುಖಾ ಮಾಡ್ಕೊಂಡು ಕುಂತಿದ್ರ ನೋಡ್ಕೊಂತ ಇರತೀವೇನು? ನಾವೂ ಮನಷ್ಯಾರ ಅದೀವಿ. ಹೊತ್ತಿಗೊಮ್ಮೆ ಹಚ್ಚೀವಿ. ಒಂದು ಮನಿ ಬಿಟ್ಟಿಲ್ಲ.”

ಡಾಕ್ಟರು ಲಟ್ಟಿಸುವ ಮಣೆಯ ಮೇಲೆ ಕುಸಿದು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ. “ಕಾವಲುಗಾರರು ಬಡಿಗಿ ಹಿಡ್ಕೊಂಡು ಓಡಿ ಬಂದಿದ್ರು. ಎಲ್ಲಾರೂ ಬಂದಿದ್ರು. ನೀವು ಅವರಿಗೆ ಹಾಸಿಗಿ ಹಾಸಿ, ಗಾಳಿ ಬೀಸಿ ಮಲಗಸೀರಿ. ನಿಮ್ಮ ಮೈ ಏಳಂಗಿಲ್ಲ ಅಂತ ನಾ ಬರಕೊಟ್ಟೆ!”

ನನಗೆ ಆಗ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಕೆಟ್ಟವರು ಕೆಟ್ಟದ್ದು ಮಾಡಿದರೆ ಕಲ್ಲು ಎಸೆಯಬಹುದು, ಶಾಪ ಹಾಕಬಹುದು, ಕೋರ್ಟಿಗೆ ಹೋಗಬಹುದು. ಇಲ್ಲಿ ಯಾರ ಮೇಲೆ ಎಸೆಯಲಿ? ಗಂಡನ ಕಿವಿಗೆ ದಿನವೂ ತಂಪು ಹಚ್ಚಿ, “ಉರಿ ಇಳೀತೇನೋ ತಮ್ಮಾ?” ಎಂದು ಊದಿದವಳು ಪಾರವ್ವ. ಆಕೆಗೆ ಬೆಳಕು ಹಿಡಿದವಳು ನಾನು. ಉರಿ ಇಳಿದದ್ದು ನೋಡಿ ಮನೆಮಂದಿಯೆಲ್ಲ ಸಮಾಧಾನದ ಉಸಿರು ಬಿಟ್ಟೆವು. ನಾವು ಇಳಿಸಿದ್ದು ಅವನನ್ನು ಉಳಿಸಲು ಬಂದ ಉರಿಯನ್ನು.

ಡಾಕ್ಟರು ಶಾಲೆಯಲ್ಲಿ ಓಣಿಯವರನ್ನೆಲ್ಲ ಕೂಡಿಸಿ, ನಾಲ್ಕು ದಿನ ತಂಪು ಬೇಡ ಎಂದು ಬಿಡಿಸಿ ಬಿಡಿಸಿ ಹೇಳಿದರು. ಹೂಂ ಎಂದರು. ನಮ್ಮವರ ಹೂಂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ತಲೆ ಅಲ್ಲಾಡಿಸಿದರು, ಚಹಾ ಕುಡಿದರು, ಮನೆಗೆ ಬಂದು ಮಾರನೆಯ ದಿನಕ್ಕೆ ಬೇರು ನೆನೆಹಾಕಿದರು. “ಪೂರಾ ಹಚ್ಚೂದು ಬ್ಯಾಡ, ಸ್ವಲ್ಪ ಹಚ್ಚೂಣು,” ಎಂದು ಒಬ್ಬಳು. “ಆಕಿಗೇನ್ ಗೊತ್ತು, ಆಕಿ ಉರಕೊಂಡಾಳೇನು?” ಎಂದು ಇನ್ನೊಬ್ಬಳು. ಕಾಶವ್ವನನ್ನು ಜಿಲ್ಲೆಯ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಿ ಎಂದು ನಾನು ಕೇಳಿದೆ. ಕೊಯ್ಯುವುದಿದ್ದರೆ ಮಂಚ ಕೊಡುತ್ತಾರಂತೆ, ಬರೀ ಮುಖ ಕೆಂಪಾದವರಿಗೆ ಕೊಡುವುದಿಲ್ಲವಂತೆ. ನನ್ನ ತವರಿನವರು ಕೆಂಪು ಮುಖ ನೋಡಿದರೆ ಅಂಟುರೋಗ ಎಂದು ಬಾಗಿಲು ಹಾಕುತ್ತಾರೆ.

ಬಾಗಿಲು ಹಾಕುವುದೇ ಆದರೆ ನನ್ನ ಮನೆಯದನ್ನೇ ಹಾಕುತ್ತೇನೆ ಎಂದುಕೊಂಡೆ. ಮನೆಯಲ್ಲಿದ್ದ ಬೇರನ್ನೆಲ್ಲ ಒಲೆಗೆ ಹಾಕಿದೆ. ಡಾಕ್ಟರು ತಾವೇ ತಂದುಕೊಟ್ಟ ಮುಲಾಮನ್ನು ಕಾಶವ್ವ ಹಚ್ಚಿಕೊಂಡಳು.

ಮೊದಲ ದಿನ ಬರೀ ತುರಿಕೆ. ಎರಡನೆಯ ದಿನಕ್ಕೆ ಹಣೆ, ಮೂಗು, ಕೆನ್ನೆಯ ಮೇಲೆ, ಮೊದಲು ಏನೂ ಕಾಣದಿದ್ದ ಜಾಗದಲ್ಲೂ, ಕೆಂಪು ಬೊಟ್ಟುಗಳು ಎದ್ದವು. ಅಡಗಿ ಕೂತವರನ್ನೆಲ್ಲ ಹುಡುಕಿ ಎಳೆದ ಹಾಗೆ. ತುಟಿ ಊದಿ ಹಣ್ಣಾಯಿತು. “ಕನ್ನಡಿ ಕೊಡ ಅತ್ತಿಗಿ,” ಎಂದಳು. ನೋಡಿಕೊಂಡು, “ಸಂತ್ಯಾಗ ಇಟ್ರ ಬದ್ನಿಕಾಯಿ ಅಂತ ತೂಗತಾರ,” ಎಂದಳು. ಸಂಜೆಯ ಹೊತ್ತಿಗೆ ಜೋಕು ನಿಂತಿತು. ಮೂರನೆಯ ದಿನ ಉರಿ ತಾಳಲಾರದೆ ಗೋಡೆಗೆ ತಲೆ ಒತ್ತಿ ನರಳತೊಡಗಿದಳು. ನಮ್ಮ ಗೋಡೆ ಬಿಸಿಲನ್ನೂ ತಡೆಯುವುದಿಲ್ಲ, ಸದ್ದನ್ನೂ ತಡೆಯುವುದಿಲ್ಲ.

ಓಣಿಯ ಹೆಂಗಸರು ಬಟ್ಟಲು ಹಿಡಿದು ಬಂದು ನಿಂತರು. ಮುಂದೆ ಪಾರವ್ವ.

“ಬಂಗಾರೆವ್ವ, ಬಾಗಲಾ ತಗಿ. ಹುಡಗಿ ನಳ್ಳೂದು ನನ್ನ ಅಡಗಿಮನಿತನಕ ಕೇಳಾಕತ್ತೈತಿ. ರೊಟ್ಟಿ ಗಂಟಲದಾಗ ಇಳಿವಲ್ದು.”

“ನಳ್ಳಲಿ ಚಿಗವ್ವ. ಇನ್ನೊಂದ ದಿನ.”

“ನಿನ್ನ ಎದ್ಯಾಗೇನು ಕಲ್ಲೈತೇನು? ಗಂಡನ ತಂಗಿ ಅಂತ ಹಿಂಗ ಮಾಡ್ತೀಯೇನು? ನಿನ್ನ ಹೊಟ್ಯಾಗ ಹುಟ್ಟಿದ್ರ ಮಾಡತಿದ್ದೇನು?”

ಇದು ಆಕೆ ಆಡಬಾರದ ಮಾತು. ಹುಟ್ಟಿದವರನ್ನು ಕೈಯಲ್ಲಿ ಹಿಡಿದು ಮಣ್ಣಿಗೆ ಕೊಟ್ಟವಳು ಆಕೆಯೇ. ಬಾಗಿಲು ತೆಗೆದು ಹೊಸ್ತಿಲ ಮೇಲೆ ಅಡ್ಡ ನಿಂತೆ. ಕೈಯಲ್ಲಿ ಲಟ್ಟಣಿಗೆ ಇತ್ತು.

“ಡಾಕ್ಟರಬಾಯಿ ಹೇಳಿದ್ದು ನೀ ಕೇಳಿಲ್ಲೇನು?”

“ಆಕಿ ನಿನ್ನೆ ಬಂದಾಕಿ, ನಾಳೆ ಹೋಗಾಕಿ. ಇಲ್ಲಿ ಇರೂದು ನಾವು. ಅತ್ತಾಗ ಸರಿ. ಒಂದ ಬೆರಳ ಹಚ್ಚಿ ಹೋಗತೇನಿ.”

ಒಳಗಿನಿಂದ ಕಾಶವ್ವ, “ಹಚ್ಚಲಿ ಬಿಡ ಅತ್ತಿಗಿ,” ಎಂದು ಅತ್ತಳು. “ಒಂದ ಬೆರಳ. ನಿನ್ನ ಕಾಲ ಬೀಳತೇನಿ.”

ಒಳಗೆ ಕಾಶವ್ವನ ಅಳು, ಹೊರಗೆ ಪಾರವ್ವನ ಬಟ್ಟಲು. ನಡುವೆ ನಾನು. ಆಗ ನನ್ನ ಬಾಯಿಂದ ಬಂತು: “ನಿನ್ನ ತಂಪ ನನ್ನ ಗಂಡನ್ನ ತಿಂತು, ಚಿಗವ್ವ. ಈಕಿನ್ನೂ ಕೊಡಲೇನು?”

ಪಾರವ್ವ ನನ್ನನ್ನೇ ನೋಡಿದಳು. ಆಮೇಲೆ ಬಗ್ಗಿ, ಬಟ್ಟಲಿನ ತಂಪನ್ನು ನನ್ನ ಹೊಸ್ತಿಲ ಮುಂದೆ ಚೆಲ್ಲಿ, ಬಟ್ಟಲನ್ನು ಅದರ ಮೇಲೆ ಬೋರಲು ಹಾಕಿದಳು. ಹಿಂದಿದ್ದ ಹೆಂಗಸರು ತಮ್ಮ ತಮ್ಮ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ತಿರುಗಿದರು. ಬೋರಲು ಬಟ್ಟಲು ಬಿದ್ದ ಮನೆಗೆ ನಮ್ಮೂರಿನಲ್ಲಿ ಯಾರೂ ಹೋಗುವುದಿಲ್ಲ. ಸುಟ್ಟುಕೊಂಡರೂ ಇಲ್ಲ, ಹೆತ್ತರೂ ಇಲ್ಲ, ಸತ್ತರೂ ಇಲ್ಲ. ಆ ಮನೆಯವರು ಬೇರೆಯವರ ಮನೆಗೆ ಹೋಗುವ ಹಾಗೂ ಇಲ್ಲ. ಹಾಕಿದವರೇ ಬಂದು ಎತ್ತಬೇಕು, ಎತ್ತಿ ಒಂದು ಬೆರಳು ತಂಪು ಹಚ್ಚಬೇಕು, ಆ ಮನೆಯ ಯಜಮಾನಿ ಎಲ್ಲರೆದುರು ಹಚ್ಚಿಸಿಕೊಳ್ಳಬೇಕು. ಅಲ್ಲಿಯವರೆಗೆ ಇಷ್ಟೇ.

ನಾನು ಬಾಗಿಲು ಹಾಕಿಕೊಂಡೆ. ನಾಲ್ಕನೆಯ ದಿನವೂ ಮುಲಾಮು ಹಚ್ಚಿದೆ. ಕಾಶವ್ವ ನನ್ನ ಕೈ ಕಚ್ಚಿದಳು, ಗುರುತು ಇನ್ನೂ ಇದೆ.

ಆಮೇಲೆ ಹೆಕ್ಕಳಿಕೆ ಕಟ್ಟಿತು, ಉದುರಿತು. ಕೆಳಗಿನಿಂದ ಎಳೆಯ ಚರ್ಮ ಬಂತು. ಡಾಕ್ಟರು ಬಂದು ತುಟಿಯ ಮೇಲೆ ಬೆರಳಾಡಿಸಿ, ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿ, “ಇಲ್ಲ. ಹೋಗೇತಿ. ನುಣ್ಣಗೈತಿ,” ಎಂದರು. ಮುಲಾಮು ಮತ್ತೆ ಬರುವ ಹಾಗೆ ಮಾಡಿದರು. ಆದರೆ ಹಚ್ಚಿಕೊಳ್ಳುವವರು ಯಾರು? ಹಚ್ಚಿಕೊಂಡರೂ ಬಟ್ಟಲುಗಳಿಂದ ತಪ್ಪಿಸಿಕೊಳ್ಳುವುದೆಲ್ಲಿ?

ನಮ್ಮನ್ನಂತೂ ಓಣಿ ಚೆನ್ನಾಗಿಯೇ ನೋಡಿಕೊಂಡಿತು. ನಲ್ಲಿಯ ಸರದಿಯಲ್ಲಿ ನನ್ನ ಕೊಡವನ್ನು ಕಾಲಿಂದ ಪಕ್ಕಕ್ಕೆ ಸರಿಸಿದರು. ಲಟ್ಟಿಸಲು ಬರುತ್ತಿದ್ದವರು ನಿಂತರು. ನಾನೂ ಕಾಶವ್ವನೂ ಇಬ್ಬರೇ ಕೂತು ಲಟ್ಟಿಸಿದೆವು. ದಾರಿಯಲ್ಲಿ ಪಾರವ್ವ ಎದುರಾದರೆ ಆಕೆ ಗೋಡೆ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ. ಒಂದು ಸಲ ಆಕೆ ಎಡವಿದಳು. ಕೈ ಚಾಚಿದವಳು ಹಿಂದೆ ತೆಗೆದುಕೊಂಡೆ. ಆ ಸಿಟ್ಟು ಎಂಥದೆಂದು ಬರೆಯಲು ನನಗೆ ಬರುವುದಿಲ್ಲ.

ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ದರ್ಜಿಯ ಹೆಂಡತಿ ಮಕ್ತುಂಬಿ ಹಿತ್ತಲ ಬಾಗಿಲಿಂದ ಬಂದಳು. ಅವಳು ಕೆಳಗಿನ ಓಣಿಯವಳು. ಕಂಕುಳಲ್ಲಿ ಬಟ್ಟೆಯ ಗಂಟು.

“ಹಪ್ಪಳ ಲಟ್ಟಸಾಕ ಬಂದೇನಿ, ಅಕ್ಕಾ. ನಾಕ ದಿನ ಇಲ್ಲೇ ಇರತೇನಿ ಅಂತ ಮನ್ಯಾಗ ಹೇಳೇನಿ.”

“ಲಟ್ಟಸಾಕ ಬರತೈತೇನು ನಿನಗ?”

“ಇಲ್ಲ.”

“ಮತ್ತ?”

ಅವಳು ಸೆರಗು ಸರಿಸಿ ಮೂಗು ತೋರಿಸಿದಳು. ಮೂಗಿನ ಪಕ್ಕದಲ್ಲಿ ಬಿಸಿಲಕ್ಕಿ ಮುತ್ತಿಕೊಂಡಿತ್ತು. ಗಂಟಿನಿಂದ ಮುಲಾಮಿನ ಟ್ಯೂಬು ತೆಗೆದಳು. “ಎಲ್ಲಿ ಹಚ್ಚಿಕೊಂಡ್ರೂ ಯಾರರ ಬಂದು ತಂಪು ಹಚ್ಚತಾರ. ನಮ್ಮವ್ವ ಅಂತೂ ನಿದ್ದ್ಯಾಗ ಹಚ್ಚತಾಳ. ನಿಮ್ಮ ಮನಿಗೆ ಯಾರೂ ಬರಂಗಿಲ್ಲಲ್ಲ ಅಕ್ಕಾ. ಅದಕ್ಕ.”

ಕಾಶವ್ವ ಹೊಟ್ಟೆ ಹಿಡಿದು ನಕ್ಕಳು. “ಬಾ ಬಾ, ಇಡೀ ಊರಾಗ ನೆಮ್ಮದಿಲೆ ಉರಕೊಳ್ಳೂ ಜಾಗಾ ಇದೊಂದ.”

ನಾನು ನಗಲಿಲ್ಲ. ನನಗೆ ಲೆಕ್ಕ ಹೊಳೆದಿತ್ತು. ಓಣಿ ನನಗೆ ಶಿಕ್ಷೆ ಎಂದು ಕೊಟ್ಟದ್ದು ಇಡೀ ಊರಿನಲ್ಲಿ ಎಲ್ಲೂ ಸಿಗದ ವಸ್ತು. ನನ್ನ ಮನೆಯೊಳಗೆ ತಂಪು ಬರುವುದಿಲ್ಲ. ಬಂದವರು ಕೂಗಲಿ, ಅಳಲಿ, ಗೋಡೆಗೆ ತಲೆ ಹೊಡೆದುಕೊಳ್ಳಲಿ, ಒಬ್ಬರೂ ಬರುವುದಿಲ್ಲ. ಮಕ್ತುಂಬಿ ಹೋದ ಮೇಲೆ ಅವಳ ನಾದಿನಿ ಬಂದಳು. ಆಮೇಲೆ ಬಸ್ಸಿನ ಕಂಡಕ್ಟರು, ಹಪ್ಪಳದ ಹಿಟ್ಟು ತೂಗುವ ನೆಪದಲ್ಲಿ. ಆಮೇಲೆ ನಮ್ಮ ಓಣಿಯವರೇ, ಕತ್ತಲಾದ ಮೇಲೆ ಹಿತ್ತಲಿನಿಂದ, ಒಬ್ಬರಿಗೊಬ್ಬರು ಗೊತ್ತಾಗದಂತೆ ಬಂದು ಒಳಗೆ ಒಬ್ಬರನ್ನೊಬ್ಬರು ನೋಡಿ ಬೆಚ್ಚುತ್ತಿದ್ದರು. ಹೊರಗೆ ಸಿಕ್ಕರೆ ನನ್ನ ಕೊಡವನ್ನು ಕಾಲಿಂದ ಸರಿಸುವುದನ್ನು ಮಾತ್ರ ಬಿಡಲಿಲ್ಲ. ಮುಖ ಯಾಕೆ ಸುಲಿದಿದೆ ಎಂದು ಕೇಳಿದರೆ ಒಲೆಯ ಝಳ ಬಡಿಯಿತು ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಇದಕ್ಕೂ ನನಗೆ ಸಿಟ್ಟೇ. ಆದರೆ ಸಿಟ್ಟಿನಲ್ಲೇ ಅವರಿಗೆ ಗಂಜಿ ಕಾಸಿದೆ, ಸಿಟ್ಟಿನಲ್ಲೇ ಅವರ ಕೈ ಹಿಡಿದು ಕೆರೆದುಕೊಳ್ಳದಂತೆ ಕೂತೆ.

ಪಾರವ್ವ ಬಂದದ್ದು ಎರಡನೆಯ ವರ್ಷ. ಹಿತ್ತಲಿನಿಂದಲ್ಲ, ಮುಂಬಾಗಿಲಿಗೆ, ಹಗಲಿನಲ್ಲಿ. ಓಣಿಯ ಹೆಂಗಸರು ಅವರವರ ಕಟ್ಟೆಯ ಮೇಲೆ ಎದ್ದು ನಿಂತರು. ಆಕೆಯ ಕೈಯಲ್ಲಿ ಬಟ್ಟಲಿತ್ತು. ಬಲಗಣ್ಣಿನ ಮೂಲೆಯಲ್ಲಿ ಕಡಲೆಯಷ್ಟು ಬಿಸಿಲಕ್ಕಿ ಗಟ್ಟಿಯಾಗಿ ಕೂತಿತ್ತು. ನನಗೆ ದೂರದಿಂದಲೇ ಕಂಡಿತು. ಎರಡು ವರ್ಷ ನೆಲ ನೋಡಿದ್ದಕ್ಕೆ ಮೊದಲೇ ಕಂಡಿರಲಿಲ್ಲ.

“ಬಂಗಾರೆವ್ವ.”

“ಚಿಗವ್ವ.”

“ವಯಸ್ಸಾತು ನನಗ. ಮಾತ ಬಿಟ್ಟು ಸಾಯೂದು ನನ್ನ ಕಡೆಯಿಂದ ಆಗೂದಿಲ್ಲ. ನಾ ಹಾಕಿದ ಬಟ್ಟಲಾ ನಾನ ಎತ್ತತೇನಿ. ಒಂದ ಬೆರಳ ತಂಪು ಹಚ್ಚಿಸ್ಕೋ ನನ್ನ ಕೈಲೆ. ಆಮ್ಯಾಲೆ ನೀ ಏನ್ ಹೇಳತಿ ಹೇಳು, ಆ ಮುಲಾಮ ಹಚ್ಚಿಕೋ ಅಂದ್ರ ಅದನ್ನೂ ಹಚ್ಚಿಕೋತೇನಿ.”

ಹೊಸ್ತಿಲು ದಾಟಿ ಆಕೆಯ ಕಾಲು ಹಿಡಿಯಬೇಕು ಅನಿಸಿತು. ಒಳಗೆ ಆವತ್ತು ಮೂವರಿದ್ದರು, ಮೂರನೆಯ ದಿನ, ಉರಿ ನೆತ್ತಿಗೇರುವ ದಿನ. ಒಬ್ಬಳು ಹತ್ತೊಂಬತ್ತಕ್ಕೇ ಬಿಸಿಲಕ್ಕಿ ಎದ್ದ ಬಾಣಂತಿ, ಅವಳ ಅಪ್ಪ ಇದರಲ್ಲೇ ಹೋದವನು. ಬಟ್ಟಲು ಎತ್ತಿದ ಗಳಿಗೆಯಿಂದ ನನ್ನ ಮನೆ ಎಲ್ಲರ ಮನೆಯಂತೆ. ಕಟ್ಟೆಯ ಮೇಲೆ ನಿಂತವರೆಲ್ಲ ಖುಷಿಯಿಂದ ಅಳುತ್ತ ತಮ್ಮ ತಮ್ಮ ಬಟ್ಟಲು ತರುತ್ತಾರೆ. ಸಂಜೆಯೊಳಗೆ ಆ ಮೂರು ಮುಖವೂ ತಣ್ಣಗಾಗುತ್ತದೆ. ಮುಂದೆ ಬರುವವರಿಗೂ ಜಾಗವಿಲ್ಲ.

“ಒಳಗ ಬಾ ಚಿಗವ್ವ. ನಾನ ಹಚ್ಚತೇನಿ ಮುಲಾಮು. ನಾಕ ದಿನ ನಿನ್ನ ಬಗಲಾಗ ಮಲಗತೇನಿ. ಬಟ್ಟಲಾ ಅಲ್ಲೇ ಇರಲಿ.”

“ಡಬ್ಬ ಹಾಕಿದ ಬಟ್ಟಲಾ ದಾಟಿ ಬರಬೇಕೇನು? ನಾನ ಹಾಕಿದ್ದನ್ನ ನಾನ ದಾಟಲೇನು?”

“ಹಿತ್ತಲಿಂದ ಬಾ. ಎಲ್ಲಾರೂ ಬರತಾರ.”

“ಕಳ್ಳರಂಗ ಬರೂದಿಲ್ಲ ನಾ. ನಿನ್ನ ಮನಿಗೆ ಯಾವತ್ತ ಹಿತ್ತಲಿಂದ ಬಂದೇನಿ?”

“ಹಂಗಾರ ನಿಮ್ಮ ಮನ್ಯಾಗ, ಯಾರೂ ಇಲ್ಲದಾಗ ಹಚ್ಚು ನನಗ ತಂಪು. ಒಂದ ಬೆರಳ ಯಾಕ, ಬಟ್ಟಲ ತುಂಬ ಹಚ್ಚು.”

“ಮುಚ್ಚಿ ಹಚ್ಚಿದ್ದು ತಂಪೇನ, ಹುಚ್ಚಿ?” ಆಕೆಯ ದನಿ ಮೆತ್ತಗಾಯಿತು. ಎರಡು ವರ್ಷದ ಮೇಲೆ ನನ್ನನ್ನು ಹುಚ್ಚಿ ಎಂದು ಕರೆದಳು. “ಒಂದ ಬೆರಳಿಗೆ ಇಷ್ಟ ಹಟಾ ಏನು ನಿನಗ?”

ಹೇಳಿದೆ. ಒಳಗೆ ಇರುವವರ ವಿಷಯ, ಬಟ್ಟಲು ಎತ್ತಿದರೆ ಏನಾಗುತ್ತದೆಂಬುದು, ಎಲ್ಲ. ಓಣಿಗೆ ಕೇಳಿಸುವ ಹಾಗೆಯೇ ಹೇಳಿದೆ. ಕಟ್ಟೆಯ ಮೇಲಿದ್ದವರು ಬೇರೆ ಕಡೆ ನೋಡಿದರು. ಅವರಲ್ಲಿ ನನ್ನ ಮನೆಯಲ್ಲಿ ಉರಿದು ಹೋದವರು ಅರ್ಧ ಜನ. ಒಬ್ಬಳಾದರೂ ಬಾಯಿ ಬಿಟ್ಟು, “ಹೌದು ಪಾರವ್ವ, ನಾನೂ ಹೋಗಿದ್ದೆ, ನನ್ನ ಮುಖ ನೋಡು,” ಎಂದಿದ್ದರೆ ಆಕೆ ಹಿತ್ತಲಿನಿಂದಾದರೂ ಬರುತ್ತಿದ್ದಳೇನೋ. ಒಬ್ಬಳೂ ಅನ್ನಲಿಲ್ಲ. ಅವತ್ತಿನ ಆ ಮೌನವನ್ನು ನಾನು ಯಾರಿಗೂ ಮಾಫಿ ಮಾಡಿಲ್ಲ, ಮಾಡುವುದೂ ಇಲ್ಲ.

ಕಾಶವ್ವ ನನ್ನ ಹಿಂದಿನಿಂದ ಬಂದು ಚೀರಿದಳು. “ಏ ಸಕ್ಕೂ! ನಿನ್ನ ಹಣೀ ಯಾಕ ನುಣ್ಣಗೈತಿ ಹೇಳು! ಏ ನೀಲಾ, ಒಲೀ ಝಳಾ ಬಡೀತೇನ ನಿನಗ? ಹೇಳ್ರೆವ್ವಾ ಮುದುಕಿಗೆ!”

ಸಕ್ಕೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀಲಾ ಕಟ್ಟೆ ಗುಡಿಸತೊಡಗಿದಳು.

ಪಾರವ್ವ ಒಂದೊಂದೇ ಕಟ್ಟೆಯತ್ತ ತಿರುಗಿ ನೋಡಿದಳು. ಆಮೇಲೆ ತಂದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಆತು. ಒಳಗಿನವರನ್ನ ನೋಡ್ಕೋ,” ಎಂದು ಹೋದಳು. ಸಿಟ್ಟಿನಿಂದ ಅಂದಳೋ, ನಿಜವಾಗಿ ಅಂದಳೋ, ನನಗೆ ತಿಳಿಯಲಿಲ್ಲ. ನಾನು ಒಳಗೆ ಹೋಗಿ ಬಾಣಂತಿಯ ಕೈ ಹಿಡಿದು ಕೂತೆ. ಅವಳು ಕೆರೆದುಕೊಳ್ಳುತ್ತಿದ್ದಳು. ಅವಳಿಗೆ ಬೈದೆ, ಪಾರವ್ವನಿಗೆ ಬೈಯಬೇಕಾದದ್ದನ್ನೂ ಸೇರಿಸಿ.

ಡಾಕ್ಟರು ಮೂರು ಸಲ ಪಾರವ್ವನ ಮನೆಗೆ ಹೋಗಿ ಬಂದರು. ಆಕೆ ಅವರಿಗೆ ಚಹಾ ಮಾಡಿಕೊಟ್ಟಳಂತೆ, ಮುಲಾಮು ತೆಗೆದುಕೊಂಡು ದೇವರ ಮುಂದೆ ಇಟ್ಟಳಂತೆ. ಮುಂದಿನ ದೀಪಾವಳಿಗೆ ಕಣ್ಣು ಹೋಯಿತು. ಓಣಿಯವರು ದಿನವೂ ತಂಪು ಹಚ್ಚಿದರು. ನೋವು ಕಾಣಲಿಲ್ಲವಂತೆ, ಅದೊಂದು ಪುಣ್ಯ ಎಂದರು. ಯುಗಾದಿಗೆ ಆಕೆ ಹೋದಳು. ಹೆಣ ನಮ್ಮ ಮನೆಯ ಮುಂದೆಯೇ ಹೋಯಿತು. ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಕಾಶವ್ವ ಮಾತ್ರ ಅಲ್ಲಿಂದಲೇ, ಪಾರವ್ವ ಯಾರ ಯಾರ ಬಾಣಂತನ ಮಾಡಿದ್ದಳು, ಯಾರಿಗೆ ಯಾವತ್ತು ಗಂಜಿ ಕುಡಿಸಿದ್ದಳು ಎಂದು ಒಂದೊಂದೇ ಹೆಸರು ಕೂಗಿ ಹಾಡಿ ಅತ್ತಳು. ಹೆಣ ಹೊತ್ತವರು ತಿರುಗಿ ನೋಡಲಿಲ್ಲ. ಸುಮ್ಮನಿರು ಎಂದೂ ಹೇಳಲಿಲ್ಲ.

ಕಾಶವ್ವನ ತುಟಿ ಉಳಿದಿದೆ. ಮಕ್ತುಂಬಿಯ ಮೂಗು ಉಳಿದಿದೆ. ನನ್ನ ಮನೆಯಲ್ಲಿ ನಾಲ್ಕು ದಿನ ಉರಿದು ಹೋದ ಯಾರಿಗೂ ಇದುವರೆಗೆ ಹುಣ್ಣಾಗಿಲ್ಲ. ಹಾಕಿದವಳೇ ಹೋದ ಮೇಲೆ ಬಟ್ಟಲು ಎತ್ತುವವರಿಲ್ಲ, ಓಣಿ ನನಗಿಲ್ಲ. ಪಾರವ್ವ ಚಿಗವ್ವನೂ ಇಲ್ಲ.